ಹೊಸ ಶಾಸನ, ಹಳೆಯ ಎಂಜಿನ್ನು

2020ನೆಯ ಇಸವಿಯ ಏಪ್ರಿಲ್ 1ರಂದು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದ ದಿನಗಳಲ್ಲಿ, ವಾಯುಶುದ್ಧಿಯ ಉದ್ದೇಶದಿಂದ ಈ ರಾಷ್ಟ್ರ ಅದುವರೆಗೆ ಕೈಗೊಂಡಿದ್ದ ಕ್ರಮಗಳಲ್ಲಿ ಅತ್ಯಂತ ಮಹತ್ತ್ವದ್ದೆನ್ನಬಹುದಾದ ಒಂದು ಕ್ರಮ, ಹೆಚ್ಚು ಜನರ ಗಮನಕ್ಕೆ ಬಾರದೆಯೇ ಜಾರಿಗೆ ಬಂದಿತು. ಅಂದಿನಿಂದ ಮುಂದೆ ಮಾರಾಟವಾಗತಕ್ಕ ಪ್ರತಿಯೊಂದು ಹೊಸ ಮೋಟಾರು ವಾಹನವೂ ಬಿಎಸ್-6 ಎಂಬ ಮಾನಕಕ್ಕೆ ಒಳಪಡಬೇಕೆಂದೂ, ಬಂಕುಗಳಲ್ಲಿ ದೊರೆಯುವ ಡೀಸೆಲ್ಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಕೂಡದೆಂದೂ ವಿಧಿಯಾಯಿತು. ಅದೇ ಹತ್ತು ಲಕ್ಷಕ್ಕೆ 5,000 ಭಾಗ ಗಂಧಕವನ್ನು 1990ರ ದಶಕದಲ್ಲಿ ನಮ್ಮ ಕಾನೂನೇ ಒಪ್ಪಿಕೊಂಡಿತ್ತೆಂಬುದನ್ನು ನೆನೆದರೆ, ಕಾಲು ಶತಮಾನದಲ್ಲಿ ನಾವು ನಡೆದು ಬಂದ ದೂರ ಅಲ್ಪವಾದುದಲ್ಲ. ನಾಲ್ಕನೆಯ ಮಾನಕದಿಂದ ಐದನೆಯದನ್ನು ಬಿಟ್ಟು ನೇರವಾಗಿ ಆರನೆಯದಕ್ಕೆ ಜಿಗಿಯಬೇಕಾದರೆ ತೈಲಶುದ್ಧೀಕರಣಾಲಯಗಳೂ ವಾಹನ ತಯಾರಕರೂ ಅಪಾರವಾದ ಹಣವನ್ನೂ ಶ್ರಮವನ್ನೂ ವ್ಯಯಿಸಬೇಕಾಯಿತು. ಸರ್ಕಾರದ ಕಾರ್ಯಗಳನ್ನು ಹಳಿಯುವುದರಲ್ಲಿ ನಮಗಿರುವ ಉತ್ಸಾಹ ಹೊಗಳುವುದರಲ್ಲಿ ಇರುವುದಿಲ್ಲವಾದುದರಿಂದ, ಈ ಒಂದು ಪ್ರಶಂಸೆಯನ್ನು ಮೊದಲಿಗೇ ಸಲ್ಲಿಸಿಬಿಡುವುದು ನ್ಯಾಯ.

ಆದರೆ ಈ ಶಾಸನಕ್ಕೆ ಒಂದು ಎಲ್ಲೆಯುಂಟು. ಅದು ಎಂಜಿನ್ನಿನ ಜನನವನ್ನು ನಿಯಂತ್ರಿಸುತ್ತದೆಯೇ ಹೊರತು ಅದರ ದೀರ್ಘವಾದ ವಾರ್ಧಕ್ಯವನ್ನಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲೋ, ಯಶವಂತಪುರದ ಮಂಡಿಯ ಸುತ್ತಲಲ್ಲೋ, ಕಲಾಸಿಪಾಳ್ಯದ ಇಕ್ಕಟ್ಟಿನಲ್ಲೋ ಬೆಳಗಿನ ಹೊತ್ತು ನಿಂತು ಉಸಿರಾಡುವವನ ಶ್ವಾಸಕೋಶವನ್ನು ಸೇರುವ ಹೊಗೆ, ನಿನ್ನೆ ಮೊನ್ನೆ ಕಾರ್ಖಾನೆಯಿಂದ ಹೊರಬಂದ ಗಾಡಿಯದಲ್ಲ. ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ವರ್ಷ ದುಡಿದು, ಎರಡು ಮೂರು ಬಾರಿ ಮಾಲೀಕರನ್ನು ಬದಲಿಸಿ, ಹೆದ್ದಾರಿಯ ದೂರಪ್ರಯಾಣಕ್ಕೆ ಅಸಮರ್ಥವಾದ ಮೇಲೆ ನಗರದೊಳಗಿನ ಮರಳು, ಜಲ್ಲಿ, ನೀರು, ಕಸಗಳ ಸಾಗಣೆಗೆ ಇಳಿದ ಗಾಡಿಯದು. ಹೊಸ ಲಾರಿ ಊರುಗಳ ನಡುವಿನ ಬಯಲಲ್ಲಿ ಓಡುತ್ತದೆ, ಹಳೆಯ ಲಾರಿ ಮನೆಗಳ ನಡುವೆ. ಜನ ಎಲ್ಲಿ ಹೆಚ್ಚು ಕಿಕ್ಕಿರಿದಿದ್ದಾರೋ ಅಲ್ಲಿಗೇ ಅತ್ಯಂತ ಮಲಿನವಾದ ಎಂಜಿನ್ನು ಬಂದು ಸೇರುವಂತೆ ನಮ್ಮ ವ್ಯಾಪಾರದ ನಿಯಮವೇ ಏರ್ಪಟ್ಟಿದೆ.

ಡೀಸೆಲ್ ಎಂಜಿನ್ನಿನ ಗುಣವೇ ಇಲ್ಲಿ ದೋಷವಾಗಿ ಪರಿಣಮಿಸಿರುವುದನ್ನು ಗಮನಿಸಬೇಕು. ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದಾಗ, ಆವಿಯಂತ್ರ ನುಂಗುತ್ತಿದ್ದ ಇಂಧನದ ಒಂದು ಅಲ್ಪಭಾಗದಿಂದಲೇ ಅಷ್ಟೇ ಕೆಲಸವನ್ನು ತೆಗೆಯಬಲ್ಲ ಸಾಧನವೊಂದು ಲೋಕಕ್ಕೆ ದೊರೆಯಿತು. ಈ ಯಂತ್ರಕ್ಕೆ ಕಿಡಿಯ ಅಗತ್ಯವಿಲ್ಲ. ಸಿಲಿಂಡರಿನೊಳಗೆ ವಾಯುವನ್ನು ಬಲವಾಗಿ ಅದುಮಿದಾಗ ಹುಟ್ಟುವ ಉಷ್ಣಕ್ಕೆ ಇಂಧನದ ತುಂತುರನ್ನು ಒಡ್ಡಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗೆ ಅದುಮುವ ಒತ್ತಡವನ್ನು ತಾಳುವುದಕ್ಕಾಗಿ ಯಂತ್ರದ ಒಡಲನ್ನು ಬಹಳ ಗಟ್ಟಿಯಾಗಿ ಎರಕ ಹೊಯ್ಯಬೇಕಾಗುತ್ತದೆಯಾಗಿ, ಒಮ್ಮೆ ಮಾಡಿದ ಎಂಜಿನ್ನು ಬೇಗನೆ ಸವೆಯುವುದಿಲ್ಲ; ಆಗಾಗ್ಗೆ ರಿಪೇರಿ ಮಾಡಿಸುತ್ತ, ಇಂಜೆಕ್ಟರು ಪಂಪು ಬದಲಿಸುತ್ತ, ಒಂದು ತಲೆಮಾರಿನ ಕಾಲ ದುಡಿಸಿಕೊಳ್ಳಬಹುದು. ಮಿತವ್ಯಯ, ಬಲ, ದೀರ್ಘಾಯುಸ್ಸು ಎಂಬ ಈ ಮೂರು ಗುಣಗಳಿಂದಲೇ ಅದು ನಮ್ಮ ಲಾರಿ, ಬಸ್ಸು, ಟ್ರಾಕ್ಟರುಗಳ ಪ್ರಾಣವಾಯಿತು.

ದೋಷವೂ ಅದೇ ದಹನಕ್ರಮದಿಂದ ಹುಟ್ಟುತ್ತದೆ. ತುಂತುರಾಗಿ ಬಿದ್ದ ಇಂಧನ ವಾಯುವಿನೊಡನೆ ಎಲ್ಲ ಕಡೆಯೂ ಸಮನಾಗಿ ಬೆರೆಯಲಾರದು. ಇಂಧನ ಹೆಚ್ಚಾಗಿ ಪ್ರಾಣವಾಯು ಸಾಲದೆ ಹೋದೆಡೆ ಅರೆಬೆಂದ ಇಂಗಾಲ ಮಸಿಯಾಗಿ ಉಳಿಯುತ್ತದೆ. ಉರಿ ಅತಿಯಾಗಿ ಏರಿದೆಡೆ ಗಾಳಿಯಲ್ಲಿರುವ ನಿರುಪದ್ರವಿಯಾದ ಸಾರಜನಕವೇ ಆಮ್ಲಜನಕದೊಡನೆ ಕೂಡಿ ವಿಷಾನಿಲವಾಗುತ್ತದೆ. ಉರಿಯನ್ನು ತಗ್ಗಿಸಿದರೆ ಮಸಿ ಹೆಚ್ಚುತ್ತದೆ, ಏರಿಸಿದರೆ ಅನಿಲ ಹೆಚ್ಚುತ್ತದೆ. ಎಂಜಿನ್ನಿನ ಒಳಗೇ ಇವೆರಡನ್ನೂ ಒಟ್ಟಿಗೆ ಗೆಲ್ಲುವುದು ದುಸ್ಸಾಧ್ಯವೆಂದು ಕಂಡುಕೊಂಡ ಮೇಲೆ, ಹೊಗೆಕೊಳವೆಯಲ್ಲಿಯೇ ಮಸಿಯನ್ನು ಹಿಡಿದು ಸುಡುವ ಶೋಧಕವನ್ನೂ, ಯೂರಿಯಾ ದ್ರಾವಣವನ್ನು ಸಿಂಪಡಿಸಿ ಅನಿಲವನ್ನು ಪುನಃ ಸಾರಜನಕವಾಗಿಸುವ ಉಪಕರಣವನ್ನೂ ಅಳವಡಿಸಿದರು. ಗಂಧಕವಿದ್ದರೆ ಈ ಉಪಕರಣಗಳ ಸತ್ತ್ವ ಕೆಡುತ್ತದೆಯೆಂಬುದೇ ಡೀಸೆಲ್ಲನ್ನು ಅಷ್ಟರಮಟ್ಟಿಗೆ ಶುದ್ಧಗೊಳಿಸಿದುದಕ್ಕೆ ಮುಖ್ಯ ಕಾರಣ. ಆದಕಾರಣ ಇಂದಿನ ಶುದ್ಧ ಡೀಸೆಲ್ಲನ್ನು ಹಳೆಯ ಲಾರಿಗೆ ತುಂಬಿಸಿದರೆ ಗಂಧಕದ ಹೊಗೆಯೇನೋ ಇಳಿಯುತ್ತದೆ. ಶೋಧಕವೇ ಇಲ್ಲದ ಆ ಎಂಜಿನ್ನು ಉಗುಳುವ ಮಸಿ ಬಹುಪಾಲು ಮೊದಲಿನಂತೆಯೇ ಬರುತ್ತದೆ.

ಈ ಮಸಿಯ ಕಣ ಒಂದು ಮೈಕ್ರಾನಿಗಿಂತ, ಎಂದರೆ ಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತ, ಚಿಕ್ಕದು. ಮೂಗಿನ ರೋಮವಾಗಲಿ ಗಂಟಲಿನ ಕಫವಾಗಲಿ ಅದನ್ನು ತಡೆಯಲಾರವು. ಅದು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡನ್ನು ಮುಟ್ಟುತ್ತದೆ, ಅತಿಸೂಕ್ಷ್ಮವಾದುದು ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಆದುದರಿಂದ ಕೆಮ್ಮು ದಮ್ಮುಗಳಿಗಷ್ಟೇ ಅಲ್ಲದೆ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಈ ಹೊಗೆಗೂ ಸಂಬಂಧವಿದೆಯೆಂದು ವೈದ್ಯರು ಹೇಳುತ್ತಾರೆ. ಎಂಟು ಗಣಿಗಳಲ್ಲಿ ಡೀಸೆಲ್ ಯಂತ್ರಗಳ ನಡುವೆ ದುಡಿದಿದ್ದ 12,315 ಕಾರ್ಮಿಕರ ಆರೋಗ್ಯವನ್ನು ದಶಕಗಳ ದಾಖಲೆಯಿಂದ ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೊಗೆಯ ಸೇವನೆ ಹೆಚ್ಚಿದಷ್ಟೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಹೆಚ್ಚುತ್ತದೆಂಬುದು ಅದರ ನಿರ್ಣಯ. ಅದೇ ವರ್ಷದ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ, 1988ರಿಂದ ‘ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳದ್ದು’ ಎಂಬ ವರ್ಗದಲ್ಲಿಟ್ಟಿದ್ದ ಡೀಸೆಲ್ ಹೊಗೆಯನ್ನು ನಿಸ್ಸಂದೇಹವಾಗಿ ಕ್ಯಾನ್ಸರುಕಾರಕವಾದ ಮೊದಲನೆಯ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆಯೂ ಕಲ್ನಾರೂ ಇರುವ ವರ್ಗ ಅದೇ. ಬೀಡಿ ಸೇದುವವನಿಗಾದರೂ ತಾನು ಸೇದುತ್ತಿದ್ದೇನೆಂಬ ಅರಿವಿರುತ್ತದೆ.

ಒಂದು ಮಗುವಿನ ಮರಣದ ಪತ್ರದಲ್ಲಿ ವಾಯುಮಾಲಿನ್ಯವೆಂಬ ಕಾರಣವನ್ನು ಬರೆಯುವುದಕ್ಕೆ ಲಂಡನ್ನಿನಂಥ ನಗರಕ್ಕೂ 2020ರ ಡಿಸೆಂಬರಿನವರೆಗೆ ಕಾಲ ಹಿಡಿಯಿತು. ಎಲಾ ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ, ನಿಬಿಡವಾದ ಒಂದು ಹೆದ್ದಾರಿಗೆ ಸಮೀಪದಲ್ಲಿ ಬೆಳೆದವಳು, ತೀವ್ರವಾದ ಉಬ್ಬಸದಿಂದ ನರಳಿ 2013ರಲ್ಲಿ ತೀರಿಕೊಂಡಳು. ಏಳು ವರ್ಷಗಳ ಅನಂತರ, ತಾಯಿಯ ಬಿಡದ ಹೋರಾಟದ ಫಲವಾಗಿ, ಮರಣ ವಿಚಾರಣಾಧಿಕಾರಿ ರಸ್ತೆಯ ಗಾಳಿಯೂ ಆ ಸಾವಿಗೆ ಕಾರಣವೆಂದು ತೀರ್ಮಾನಿಸಿದರು. ಆ ದೇಶದ ಸರ್ಕಾರವೇ, ಇಂಗಾಲಾಮ್ಲವನ್ನು ಕಡಿಮೆ ಬಿಡುತ್ತದೆಂಬ ಸದುದ್ದೇಶದಿಂದ, 2001ರಿಂದ ಡೀಸೆಲ್ ಕಾರುಗಳಿಗೆ ಅನುಕೂಲವಾಗುವಂಥ ತೆರಿಗೆಯನ್ನು ನಡೆಸಿಕೊಂಡು ಬಂದಿತ್ತು. ಭೂಮಿಯ ತಾಪವನ್ನು ಕುರಿತು ಯೋಚಿಸಿದವರಿಗೆ ಬೀದಿಯ ಗಾಳಿಯ ನೆನಪು ಬರಲಿಲ್ಲ.

ನಮ್ಮ ಬೆಂಗಳೂರಿನ ಗಾಳಿ ದೆಹಲಿಯ ಗಾಳಿಯಷ್ಟು ಕೆಟ್ಟಿಲ್ಲವೆಂಬ ಸಮಾಧಾನವನ್ನು ನಾವು ಬಹಳ ಕಾಲದಿಂದ ಹೇಳಿಕೊಳ್ಳುತ್ತಿದ್ದೇವೆ. ಅದು ನಿಜವೂ ಹೌದು, ನಿಷ್ಪ್ರಯೋಜಕವೂ ಹೌದು. ಸೂಕ್ಷ್ಮಕಣಗಳ ವಾರ್ಷಿಕ ಸರಾಸರಿ ಒಂದು ಘನಮೀಟರಿಗೆ 40 ಮೈಕ್ರೋಗ್ರಾಮಿನವರೆಗೆ ಇರಬಹುದೆಂದು ನಮ್ಮ ದೇಶದ 2009ರ ಮಾನಕ ಹೇಳುತ್ತದೆ. 5ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಕಾನೂನಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಳಿ ವೈದ್ಯನ ಪರೀಕ್ಷೆಯಲ್ಲಿ ಎಂಟು ಪಾಲು ಸೋಲುವುದಕ್ಕೆ ಇಲ್ಲಿ ಅವಕಾಶವಿದೆ. ಸಾಲದುದಕ್ಕೆ, ನಮ್ಮ ಸಡಿಲವಾದ ಮಾನಕಗಳನ್ನೂ ಮುಟ್ಟಲಾರದ ನಗರಗಳೆಂದು 2019ರ ರಾಷ್ಟ್ರೀಯ ಶುದ್ಧವಾಯು ಯೋಜನೆಯ ಪಟ್ಟಿಗೆ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳು ಸೇರಿದವು. ಇಡೀ ನಗರದ ಸರಾಸರಿಯೆಂಬುದು ಉಸಿರಾಡುವ ಜೀವಿಯಲ್ಲ. ಚೌಕದ ನಡುವೆ ಎಂಟು ಗಂಟೆ ನಿಲ್ಲುವ ಸಂಚಾರ ಪೊಲೀಸಿನವರು, ರಾತ್ರಿಯ ಲಾರಿಗಳು ಇನ್ನೂ ಹೊರಹೋಗುತ್ತಿರುವ ನಸುಕಿನಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸು, ಸಿಗ್ನಲ್ಲಿನಲ್ಲಿ ಲಾರಿಯ ಪಕ್ಕದ ಹೊಗೆಕೊಳವೆಗೆ ಸರಿಯಾಗಿ ಮುಖವೊಡ್ಡಿ ಸ್ಕೂಟರಿನ ಮುಂದೆ ನಿಂತಿರುವ ಶಾಲೆಯ ಮಗು, ಇವರ ಪಾಲಿಗೆ ಬರುವ ಗಾಳಿಯನ್ನು ಯಾವ ಸರಾಸರಿಯೂ ತೋರಿಸುವುದಿಲ್ಲ. ಇವರಲ್ಲಿ ಯಾರೂ ಡೀಸೆಲ್ ವಾಹನದ ಒಡೆಯರಲ್ಲವೆಂಬುದನ್ನೂ ಹೇಳಿಬಿಡಬೇಕು.

ಹಳೆಯ ಎಂಜಿನ್ನನ್ನು ಹತೋಟಿಯಲ್ಲಿಡಲು ನಮ್ಮಲ್ಲಿರುವ ಏರ್ಪಾಡಾದರೂ ಯಾವುದು? ರಸ್ತೆಯ ಬದಿಯಲ್ಲಿ ಒಂದು ಹಳೆಯ ವ್ಯಾನು ನಿಲ್ಲಿಸಿಕೊಂಡು, ಒಳಗೊಂದು ಕಂಪ್ಯೂಟರು, ಒಂದು ಪ್ರಿಂಟರು, ಹೊರಗೆ ಚಾಚಿದ ಒಂದು ಕೊಳವೆ ಇಟ್ಟುಕೊಂಡಿರುವ ‘ಎಮಿಷನ್ ಟೆಸ್ಟ್’ ಕೇಂದ್ರವನ್ನು ಎಲ್ಲರೂ ಬಲ್ಲರು. ವಿಧಿಯ ಪ್ರಕಾರ ಡೀಸೆಲ್ ಗಾಡಿಯನ್ನು ನಿಂತಲ್ಲೇ ಇರಿಸಿ, ಎಂಜಿನ್ನು ಕಾದ ಮೇಲೆ ಆಕ್ಸಿಲರೇಟರನ್ನು ತಟ್ಟನೆ ಪೂರ್ತಿ ತುಳಿದು, ಆಗ ಏಳುವ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆಂಬುದನ್ನು ಅಳೆಯಬೇಕು. ಬಿಎಸ್-4 ವಾಹನಕ್ಕೆ ಆ ಅಂಕಿ ಮೀಟರಿಗೆ 1.62ನ್ನೂ ಅದಕ್ಕೆ ಹಿಂದಿನವಕ್ಕೆ 2.45ನ್ನೂ ಮೀರಬಾರದು. ನಾನು ಕಂಡ ಒಂದು ಕೇಂದ್ರದಲ್ಲಿ ಹುಡುಗನೊಬ್ಬ ಕೊಳವೆಯನ್ನು ಟೆಂಪೋವಿನ ಹೊಗೆನಳಿಗೆಯೊಳಗೆ ತೂರಿಸಿ, ನಂಬರ್ ಪ್ಲೇಟಿನ ಚಿತ್ರ ತೆಗೆದು, ಚಾಲಕನಿಗೆ ‘ಸ್ವಲ್ಪ ರೇಸ್ ಕೊಡಿ ಸಾರ್’ ಎಂದ. ಚಾಲಕನೂ ಸ್ವಲ್ಪವೇ ಕೊಟ್ಟ. ಕಾಗದ ಹೊರಬಂತು, ಹಣ ಕೈಬದಲಾಯಿತು, ಕೇಂದ್ರದಿಂದ ರಸ್ತೆಗೆ ಏರುವಾಗ ಅದೇ ಟೆಂಪೋ ಬಿಟ್ಟ ಕಪ್ಪು ಹೊಗೆಯಲ್ಲಿ ಹುಡುಗ ಮುಂದಿನ ಗಾಡಿಗೆ ಕೈ ಬೀಸಿದ. ಅವನನ್ನು ದೂಷಿಸಿ ಪ್ರಯೋಜನವಿಲ್ಲ. ಅವನ ಯಂತ್ರ ಸರಿಯಾಗಿ ಅಳೆದಿದ್ದರೂ ಸಾರಜನಕದ ಅನಿಲವನ್ನಾಗಲಿ, ಕಣ್ಣಿಗೆ ಕಾಣದ ಸೂಕ್ಷ್ಮಕಣಗಳ ಸಂಖ್ಯೆಯನ್ನಾಗಲಿ ಅದು ಅಳೆಯುವಂಥದಲ್ಲ. ಗಾಢವಾದ ಹೊಗೆಯನ್ನು ಮಾತ್ರ ದೋಷವೆಂದು ಭಾವಿಸಿದ್ದ ಕಾಲದ ಪರೀಕ್ಷೆ ಅದು. ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯವಾಗಿ ವರ್ತಿಸುವ ಕಲೆಯನ್ನು ಟೆಂಪೋ ಚಾಲಕನಿಗಿಂತ ಎಷ್ಟೋ ದೊಡ್ಡವರೂ ಬಲ್ಲರೆಂಬುದು 2015ರಲ್ಲಿ ಬಯಲಾಯಿತಲ್ಲವೆ? ಪರೀಕ್ಷಾಲಯದಲ್ಲಿರುವೆನೋ ರಸ್ತೆಯಲ್ಲಿರುವೆನೋ ಎಂಬುದನ್ನು ತಾನೇ ಗುರುತಿಸಿ ಅದಕ್ಕೆ ತಕ್ಕಂತೆ ಹೊಗೆ ಬಿಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಇಟ್ಟಿತ್ತು.

ವಾಹನವನ್ನಾದರೂ ರಸ್ತೆಯಲ್ಲಿ ತಡೆದು ನಿಲ್ಲಿಸಬಹುದು. ನೆಲಕ್ಕೆ ಬಿಗಿದ ಬೋಲ್ಟುಗಳ ಮೇಲೆ ಕುಳಿತಿರುವ ಡೀಸೆಲ್ ಎಂಜಿನ್ನನ್ನು ಕೇಳುವವರಿಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿಯೇ ಬೀದಿದೀಪಗಳನ್ನು ಬೆಳಗಿಸಿ ಏಷ್ಯಾಖಂಡಕ್ಕೆ ಮೇಲ್ಪಂಕ್ತಿಯಾದ ನಗರವೆಂದು ನಾವು ಹೆಮ್ಮೆಪಟ್ಟುಕೊಳ್ಳುವ ಬೆಂಗಳೂರಿನಲ್ಲಿ, ಇಂದು ಬಹುಮಹಡಿ ವಸತಿಸಮುಚ್ಚಯವಿದ್ದಲ್ಲೆಲ್ಲ, ಮಾಲ್ ಇದ್ದಲ್ಲೆಲ್ಲ, ಆಸ್ಪತ್ರೆ, ಕಚೇರಿ, ಕಲ್ಯಾಣಮಂಟಪವಿದ್ದಲ್ಲೆಲ್ಲ ಒಂದೊಂದು ಜನರೇಟರಿದೆ. ಕರೆಂಟು ಹೋದ ಕೆಲವೇ ಕ್ಷಣಗಳಲ್ಲಿ ಅದು ಗುಡುಗಿ ಏಳುತ್ತದೆ. ಮೊದಲ ಉಸಿರಿಗೆ ಅದು ಕಾರುವ ಕಪ್ಪು ಮೋಡ ಹತ್ತನೆಯ ಅಂತಸ್ತಿನವರ ಗಮನಕ್ಕೆ ಬರುವುದಿಲ್ಲ. ಅಲ್ಲಿ ಲಿಫ್ಟೂ ಎಸಿಯೂ ಮತ್ತೆ ನಡೆಯತೊಡಗಿರುವುದಷ್ಟೆ ಗೊತ್ತಾಗುತ್ತದೆ. ಗೊತ್ತಾಗುವುದು, ಜನರೇಟರಿನ ಪಕ್ಕದಲ್ಲಿಯೇ ತಗಡಿನ ಗೂಡಿನಲ್ಲಿ ಕುಳಿತಿರುವ ಕಾವಲುಗಾರನಿಗೆ. ಹಿಂಬದಿಯ ಗೋಡೆಗೆ ತಾಗಿದಂತಿರುವ ವಠಾರದಲ್ಲಿ ಬಟ್ಟೆ ಒಣಹಾಕಿದ ಹೆಂಗಸಿಗೆ. ಕೊಳವೆಯ ಎತ್ತರಕ್ಕೆ ಕಾನೂನಿನಲ್ಲಿ ಒಂದು ಸೂತ್ರವೇ ಇದೆ: ಜನರೇಟರಿನ ಕೆವಿಎ ಅಂಕಿಯ ವರ್ಗಮೂಲವನ್ನು ತೆಗೆದು, ಅದರ ಐದನೆಯ ಒಂದು ಪಾಲಿನಷ್ಟು ಮೀಟರು, ಕಟ್ಟಡದ ನೆತ್ತಿಗಿಂತ ಮೇಲಕ್ಕೆ ಕೊಳವೆ ಏರಿರಬೇಕು. 400 ಕೆವಿಎ ಯಂತ್ರವಾದರೆ ಕಟ್ಟಡಕ್ಕಿಂತ 4 ಮೀಟರು ಎತ್ತರ. ಆದರೆ ಕಾಂಪೌಂಡು ಗೋಡೆಯಿಂದ ಹೊರಕ್ಕೆ ಅಡ್ಡಲಾಗಿ ಬಾಗಿ ಬೀದಿಗೇ ಬಾಯಿ ತೆರೆದಿರುವ ಕೊಳವೆಗಳನ್ನು ನೋಡಬೇಕೆಂಬ ಆಸಕ್ತಿಯುಳ್ಳವರು ತಮ್ಮ ಬಡಾವಣೆಯಲ್ಲೇ ಒಂದು ಸಂಜೆ ಸುತ್ತಾಡಿದರೆ ಸಾಕು. ಹೊಸ ಜನರೇಟರುಗಳಿಗೆ 2023ರ ಜುಲೈಯಿಂದ ಕಠಿಣವಾದ ಮಾನಕ ಬಂದಿದೆ. ಹಳೆಯವಕ್ಕೆ, ಕನಿಷ್ಠ ನೂರಕ್ಕೆ 70ರಷ್ಟು ಕಣಗಳನ್ನು ಹಿಡಿಯುವ ಉಪಕರಣವನ್ನು ತೊಡಿಸಬೇಕೆಂದು ದೆಹಲಿಯ ಸುತ್ತಮುತ್ತ ವಿಧಿಸಿದ್ದಾರೆ. ಅದೇ ವಿಧಿಯನ್ನು ನಮ್ಮ ಮಾಲಿನ್ಯ ನಿಯಂತ್ರಣ ಮಂಡಲಿ ಇಲ್ಲಿಯೂ ಜಾರಿಗೆ ತಂದು, ಅದರ ವೆಚ್ಚವನ್ನು ಫ್ಲಾಟಿನ ಒಡೆಯರಿಂದಲೇ ವಸೂಲು ಮಾಡಲು ಹೇಳಿದರೆ ಯಾರ ಊಟಕ್ಕೂ ಕುಂದುಬರುವುದಿಲ್ಲ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಿಗೆ ಬ್ಯಾಟರಿಯೇ ಸಾಕಾಗುವ ಕಾಲದಲ್ಲಿ, ಪ್ರತಿ ಮನೆಯ ಎಸಿಗೂ ಡೀಸೆಲ್ ಉರಿಸುವುದನ್ನು ಅಗತ್ಯವೆನ್ನಲಾಗದು.

ದೆಹಲಿಯ ಹೆಸರು ಬಂದುದರಿಂದ ಅಲ್ಲಿನ ಹಿಂದಿನ ಒಂದು ಅನುಭವವನ್ನೂ ನೆನೆಯಬಹುದು. ವಕೀಲ ಎಂ.ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1998ರ ಜುಲೈ ತಿಂಗಳಲ್ಲಿ, ನಗರದ ಬಸ್ಸುಗಳೆಲ್ಲವೂ 2001ರ ಮಾರ್ಚಿನೊಳಗೆ ಡೀಸೆಲ್ಲನ್ನು ತೊರೆದು ಸಿಎನ್‌ಜಿಗೆ ಬದಲಾಗಬೇಕೆಂದು ಆಜ್ಞಾಪಿಸಿತು. ಪರಿಸರವಾದಿ ಅನಿಲ್ ಅಗರ್ವಾಲ್ ಮತ್ತು ಅವರ ಸಂಸ್ಥೆಯವರು ಅದಕ್ಕಾಗಿ ವರ್ಷಗಟ್ಟಲೆ ವಾದಿಸಿದರು. ಗ್ಯಾಸ್ ತುಂಬಿಸಲು ಬಸ್ಸುಗಳ ಸಾಲು ಮೈಲಿಗಟ್ಟಲೆ ಬೆಳೆಯಿತು, ಗಡುವುಗಳು ಮುಂದಕ್ಕೆ ಹೋದವು, ಆದರೂ 2002ರ ಕೊನೆಯ ಹೊತ್ತಿಗೆ ಕೆಲಸ ಪೂರ್ತಿಯಾಯಿತು. ಬಸ್ಸಿನ ಹೊಗೆ ನಿಂತಿತು. ಆದರೆ ಅದೇ ದಶಕದಲ್ಲಿ, ರೈತನ ಹೆಸರಿನಲ್ಲಿ ಅಗ್ಗವಾಗಿರಿಸಿದ್ದ ಡೀಸೆಲ್ಲು ಶ್ರೀಮಂತರ ಕಾರುಗಳಿಗೆ ಪ್ರಿಯವಾಗಿ, ಬಸ್ಸು ಬಿಟ್ಟುಕೊಟ್ಟ ಗಾಳಿಯನ್ನು ಕಾರುಗಳು ಮತ್ತೆ ಕೆಡಿಸಿದವು. 2014ರ ಅಕ್ಟೋಬರಿನಲ್ಲಿ ಬೆಲೆಯ ನಿಯಂತ್ರಣ ಹೋದ ಮೇಲೆಯೇ ಈ ಮೋಹ ಇಳಿಯತೊಡಗಿತು. ನ್ಯಾಯಾಲಯದ ಆಜ್ಞೆ ಬಸ್ಸಿನ ಎಂಜಿನ್ನನ್ನು ಬದಲಿಸಬಲ್ಲುದು. ಇಂಧನದ ಬೆಲೆಯಲ್ಲಿ ಅಡಗಿದ ಪ್ರಲೋಭನೆಯನ್ನು ನೀಗಿಸುವ ಹೊಣೆ ಖಜಾನೆಯದು.

ನಮ್ಮಲ್ಲಿ ಬಿಎಂಟಿಸಿಯವರು ವಿದ್ಯುತ್ ಬಸ್ಸುಗಳನ್ನು 2021ರ ಕೊನೆಯಿಂದ ಓಡಿಸುತ್ತಿದ್ದಾರೆ, ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇನ್ನೂ 4,500 ಬಸ್ಸುಗಳು ನಗರಕ್ಕೆ ಹಂಚಿಕೆಯಾಗಿವೆ. ಬಸ್ಸಿನ ಮಟ್ಟಿಗೆ ದಾರಿ ಗೊತ್ತಾಗಿದೆ, ನಡೆಯುವುದಷ್ಟೆ ಉಳಿದಿದೆ. ನನಗೆ ಹೆಚ್ಚು ಚಿಂತೆಯಾಗಿರುವುದು ನೀರಿನ ಟ್ಯಾಂಕರಿನ ವಿಷಯ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ನಗರದ ಹೊರವಲಯ ಬದುಕಿದುದೇ ಟ್ಯಾಂಕರುಗಳಿಂದ. ಅವುಗಳಲ್ಲಿ ಬಹಳಷ್ಟು ಮುದಿ ಲಾರಿಗಳು; ಓಡುವಾಗ ಮಾತ್ರವಲ್ಲದೆ, ಮನೆಯ ಮುಂದೆ ನಿಂತು ನೀರನ್ನು ಮೇಲೇರಿಸುವಷ್ಟು ಹೊತ್ತೂ ಅವುಗಳ ಎಂಜಿನ್ನು ಗೊರಗುಟ್ಟುತ್ತಲೇ ಇರುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. 110 ಹಳ್ಳಿಗಳ ಪ್ರದೇಶದಲ್ಲಿ ಮನೆಮನೆಗೂ ಅದರ ನಲ್ಲಿಯನ್ನು ಬೇಗನೆ ಮುಟ್ಟಿಸುವುದು ಜಲಮಂಡಲಿಯ ಕಡತದಲ್ಲಿ ನೀರಿನ ಕೆಲಸವೆಂದು ದಾಖಲಾಗಿರಬಹುದು; ಗಾಳಿಯ ಕೆಲಸವೂ ಅದೇ. ಸರಕಿನ ವಿಷಯದಲ್ಲಿಯೂ ಇಂಥ ಅನಪೇಕ್ಷಿತ ಉಪಕಾರ ಒಂದುಂಟು: ಕೊಂಕಣ ರೈಲ್ವೆಯವರು 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಸಾಗಿಸುತ್ತ ಬಂದಿದ್ದಾರೆ, ನಮ್ಮ ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೋಲಾಡಿನವರೆಗೆ ಚಾಲಕನೂ ಕ್ಲೀನರೂ ಗಾಡಿಯಲ್ಲೇ ಕಾಲು ಚಾಚಿ ಹೋಗಬಹುದು. 2022ರಲ್ಲಿ ಆ ಮಾರ್ಗವೆಲ್ಲ ವಿದ್ಯುದೀಕರಣಗೊಂಡುದರಿಂದ, ಘಟ್ಟದ ತಪ್ಪಲಿನ ಊರುಗಳನ್ನು ಒಂದು ತೊಟ್ಟು ಡೀಸೆಲ್ ಉರಿಸದೆ ಲಾರಿ ದಾಟುತ್ತದೆ.

ಉಳಿಯುವುದು ಬಡ ಮಾಲೀಕನ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಸಾಲ ತಂದು ಹಳೆಯ ಲಾರಿಯೊಂದನ್ನು ಕೊಂಡು, ತಾನೇ ಓಡಿಸಿ, ಕಂತು ಕಟ್ಟಿ, ಎಫ್‌ಸಿ ಮಾಡಿಸಿ, ಮಿಕ್ಕುದರಲ್ಲಿ ಸಂಸಾರ ಸಾಗಿಸುವವನಿಗೆ ‘ನಿನ್ನ ಗಾಡಿಯನ್ನು ಗುಜರಿಗೆ ಹಾಕು’ ಎಂದು ಹೇಳುವುದಕ್ಕೆ ವಾತಾನುಕೂಲಿತ ಕೊಠಡಿಯಲ್ಲಿ ಕುಳಿತವರಿಗೆ ಅಧಿಕಾರವಿರಬಹುದು, ಅರ್ಹತೆಯಿಲ್ಲ. ಅವನ ಲಾರಿ ಹೊತ್ತು ತಂದ ಮರಳಿನಿಂದಲೇ ಆ ಕೊಠಡಿಯ ಗೋಡೆ ಎದ್ದಿದೆ. 2021ರಲ್ಲಿ ಹೊರಟ ಗುಜರಿ ನೀತಿ ಅವನಿಗೆ ಕೊಡುವುದು ಹಳೆಯ ಕಬ್ಬಿಣದ ಬೆಲೆ, ಹೊಸ ಗಾಡಿಯ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ; ಹೊಸ ಗಾಡಿಯನ್ನೇ ಕೊಳ್ಳಲಾರದವನಿಗೆ ಆ ರಿಯಾಯಿತಿಯಿಂದ ಆಗುವುದೇನು?

ಹಣವಿಲ್ಲವೆಂಬ ಮಾತನ್ನು ಕರ್ನಾಟಕ ಸರ್ಕಾರ ಈ ಒಂದು ವಿಷಯದಲ್ಲಿ ಹೇಳುವಂತಿಲ್ಲ. 2025ರ ಏಪ್ರಿಲ್ 1ರಿಂದ ಡೀಸೆಲ್ಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿ, ಹಿಂದಿನ ವರ್ಷದ ಏರಿಕೆಯೂ ಸೇರಿ, ಅದು ಡೀಸೆಲ್ಲಿನಿಂದಲೇ ತನ್ನ ಆದಾಯವನ್ನು ಬೆಳೆಸಿಕೊಂಡಿದೆ. ತೆರಿಗೆ ಹೆಚ್ಚಿದುದನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ಆ ಹಣ ಸಾಮಾನ್ಯ ಖಜಾನೆಯ ಸಮುದ್ರದಲ್ಲಿ ಕರಗಿಹೋಗುವುದನ್ನು ಆಕ್ಷೇಪಿಸುತ್ತೇನೆ. ಹೊಸದಾಗಿ ಏರಿಸಿದ ಅಂಶದ ಒಂದು ಪಾಲನ್ನು ಪ್ರತ್ಯೇಕವಾಗಿ ತೆಗೆದಿರಿಸಿ, ಮೊದಲು ನಗರದೊಳಗೇ ಓಡುವ ಟ್ಯಾಂಕರು, ಕಸದ ಲಾರಿ, ಮರಳಿನ ಟಿಪ್ಪರುಗಳಲ್ಲಿ ಬಿಎಸ್-3 ಮತ್ತು ಅದಕ್ಕೂ ಹಿಂದಿನವನ್ನು ಅವುಗಳ ನಿಜವಾದ ಮಾರುಕಟ್ಟೆಯ ಬೆಲೆಗೆ ಕೊಂಡು ಒಡೆಸಬೇಕು. ಒಂದೇ ಗಾಡಿಯುಳ್ಳವನಿಗೆ ಹೊಸ ಗಾಡಿಯ ಸಾಲದ ಬಡ್ಡಿಯನ್ನು ಸರ್ಕಾರವೇ ಹೊರಬೇಕು. ಹತ್ತಾರು ಗಾಡಿಗಳ ಒಡೆಯನಿಗೆ ಈ ಸಹಾಯ ಬೇಕಿಲ್ಲ. ಆ ಏಪ್ರಿಲ್ ತಿಂಗಳ ನಡುವೆ ಲಾರಿ ಮಾಲೀಕರು ಮುಷ್ಕರ ಹೂಡಿ, ಸರ್ಕಾರ ಅವರನ್ನು ಮಾತುಕತೆಗೆ ಕರೆದಾಗ ಮೇಜಿನ ಮೇಲಿದ್ದುದು ತೆರಿಗೆ, ಟೋಲು, ಗಡಿ ತಪಾಸಣೆಗಳಂಥ ವಿಷಯಗಳು. ಮುಂದಿನ ಮಾತುಕತೆಯ ಪಟ್ಟಿಯಲ್ಲಿ ಹಳೆಯ ಎಂಜಿನ್ನಿನ ಬೆಲೆಯೂ ಒಂದು ಬಾಬತ್ತಾಗಿ ಸೇರಲಿ; ಮಾಲೀಕರು ತಾವಾಗಿ ಕೇಳದಿದ್ದರೆ ಸರ್ಕಾರವೇ ಅದನ್ನು ಬರೆದುಕೊಂಡು ಹೋಗಲಿ.